ಅಹಾಬನ ಗೋಣಿತಟ್ಟು: ಕೆನಡಾ ದಿನದ ನಿರಾಕರಣೆ ಮತ್ತು ಧರ್ಮಸಭೆಯ ಉತ್ತರ

ಕೆನಡಾ ದೇಶವು ಪ್ರತಿವರ್ಷ ಜುಲೈ 1ರಂದು ಆಚರಿಸುವ ರಾಷ್ಟ್ರೀಯ ದಿನಕ್ಕೆ 1982ರವರೆಗೆ ‘ಡೊಮಿನಿಯನ್ ಡೇ’ ಎಂಬ ಹೆಸರಿತ್ತು. 1867ರಲ್ಲಿ ಉತ್ತರ ಅಮೆರಿಕದ ಬ್ರಿಟಿಷ್ ವಸಾಹತುಗಳು ಒಂದುಗೂಡುವಾಗ ಹೊಸ ರಾಷ್ಟ್ರವನ್ನು ಏನೆಂದು ಕರೆಯಬೇಕೆಂಬ ಚರ್ಚೆ ನಡೆಯಿತು. ನ್ಯೂ ಬ್ರನ್ಸ್‌ವಿಕ್‌ನ ಮುಖಂಡ ಲೆನಾರ್ಡ್ ಟಿಲ್ಲಿ 72ನೆಯ ಕೀರ್ತನೆಯ 8ನೆಯ ವಚನದಿಂದ ಆ ಪದವನ್ನು ಎತ್ತಿಕೊಟ್ಟರೆಂಬುದು ಅಲ್ಲಿ ಪರಂಪರೆಯಿಂದ ಬಂದ ವೃತ್ತಾಂತ. ಸಮುದ್ರದಿಂದ ಸಮುದ್ರದವರೆಗೆ ಅರಸನ ಆಳ್ವಿಕೆ ಹಬ್ಬಲಿ ಎಂಬ ಆ ವಚನದ ಲತೀನ್ ನುಡಿಗಳು 1921ರಿಂದ ಆ ದೇಶದ ಲಾಂಛನದ ಮೇಲೆಯೂ ಇವೆ. ಒಂದು ದೇಶದ ಹಬ್ಬವೂ ಅದರ ಮುದ್ರೆಯೂ ಪವಿತ್ರ ಗ್ರಂಥದ ಒಂದೇ ವಚನದ ಆಶ್ರಯದಲ್ಲಿ ನಿಂತಿರುವಾಗ, ಆ ಹಬ್ಬವನ್ನು ನಿರಾಕರಿಸುವವರ ವಾದವನ್ನು ಬರಿಯ ರಾಜಕೀಯವೆಂದು ಬದಿಗಿರಿಸುವ ಹಕ್ಕು ದೈವಶಾಸ್ತ್ರಕ್ಕೆ ಇಲ್ಲ. ಆ ವಚನವನ್ನು ಅದರ ಕೀರ್ತನೆಯಿಂದ ಕಿತ್ತು ತೆಗೆದಿದ್ದೇ ಮೊದಲ ತಪ್ಪು. ಅದೇ ಕೀರ್ತನೆಯ 4ನೆಯ ವಚನವೂ 12ರಿಂದ 14ರವರೆಗಿನ ವಚನಗಳೂ ಅರಸನ ಆಳ್ವಿಕೆಗೆ ಒಂದು ಷರತ್ತನ್ನು ಹಾಕುತ್ತವೆ: ದಿಕ್ಕಿಲ್ಲದವರನ್ನು ಅವನು ಹಿಂಸೆಯಿಂದ ಬಿಡಿಸಬೇಕು, ಅವರ ರಕ್ತ ಅವನ ಕಣ್ಣಿಗೆ ಅಮೂಲ್ಯವಾಗಿರಬೇಕು. ಲಾಂಛನದಲ್ಲಿ 8ನೆಯ ವಚನಕ್ಕೆ ಮಾತ್ರ ಜಾಗ ಸಿಕ್ಕಿತು.

2021ರ ಜುಲೈ 1ರಂದು ಕೆನಡಾದ ಹಲವು ನಗರಗಳಲ್ಲಿ ಸಾವಿರಾರು ಜನ ಕೆಂಪು-ಬಿಳಿ ಬಟ್ಟೆಗೆ ಬದಲಾಗಿ ಕಿತ್ತಳೆ ಬಣ್ಣದ ಅಂಗಿ ಧರಿಸಿ ಬೀದಿಗಿಳಿದರು. ಬ್ರಿಟಿಷ್ ಕೊಲಂಬಿಯದ ರಾಜಧಾನಿ ವಿಕ್ಟೋರಿಯದ ನಗರಸಭೆ ತನ್ನ ಸಂಭ್ರಮ ಕಾರ್ಯಕ್ರಮವನ್ನೇ ಕೈಬಿಟ್ಟಿತು. ಒಟ್ಟಾವದ ಸಂಸತ್ತಿನ ಗೋಪುರದ ಮೇಲೆ ಧ್ವಜ ಆ ದಿನವೂ ಅರ್ಧಕ್ಕೆ ಇಳಿದಿತ್ತು. ಅದಕ್ಕೆ ಐದು ವಾರಗಳ ಹಿಂದೆ, ಕಥೋಲಿಕ ಧಾರ್ಮಿಕ ಸಭೆಯೊಂದು ಬಹುಕಾಲ ನಡೆಸಿದ ಕ್ಯಾಮ್‌ಲೂಪ್ಸ್ ವಸತಿಶಾಲೆಯ ನೆಲದಲ್ಲಿ ಸುಮಾರು 200 ಗುರುತಿಲ್ಲದ ಸಮಾಧಿಗಳಿರುವ ಸಂಭವವನ್ನು ಭೂಶೋಧಕ ರಾಡಾರ್ ತೋರಿಸಿದೆಯೆಂದು ಅಲ್ಲಿನ ಮೂಲಜನರ ಆಡಳಿತ ಪ್ರಕಟಿಸಿತ್ತು. ರಾಡಾರ್ ತೋರಿಸುವುದು ಮಣ್ಣಿನಲ್ಲಾದ ವ್ಯತ್ಯಾಸವನ್ನು, ಶವವನ್ನಲ್ಲ ಎಂಬ ಆಕ್ಷೇಪ ಆಮೇಲೆ ಕೇಳಿಬಂತು. ಆ ಎಚ್ಚರಿಕೆ ನ್ಯಾಯವೇ. ಆದರೆ ವಾದ ಆ ರಾಡಾರಿನ ಮೇಲೆ ನಿಂತಿಲ್ಲ. ಸತ್ಯ ಮತ್ತು ಸಂಧಾನ ಆಯೋಗವು 2015ರಲ್ಲಿಯೇ, 1,50,000ಕ್ಕೂ ಹೆಚ್ಚು ಮಕ್ಕಳು ಹಾದುಹೋದ ಈ ಶಾಲೆಗಳಲ್ಲಿ 3,000ಕ್ಕೂ ಮಿಕ್ಕ ಮಕ್ಕಳ ಸಾವನ್ನು ದಾಖಲೆಗಳಿಂದಲೇ ಎತ್ತಿ ತೋರಿಸಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆಯಿದೆ. ಕೆನಡಾ ದಿನವನ್ನು ರದ್ದುಗೊಳಿಸಿರೆಂಬ ಕರೆ ಸಮಾಧಿಗಳ ಸುದ್ದಿಯಿಂದ ಹುಟ್ಟಿದ್ದಲ್ಲ. 2012ರಲ್ಲಿ ಸಸ್ಕ್ಯಾಚೆವಾನ್‌ನ ನಾಲ್ವರು ಮಹಿಳೆಯರು ಆರಂಭಿಸಿದ ‘ಐಡಲ್ ನೋ ಮೋರ್’ ಚಳವಳಿ 2020ರಲ್ಲಿಯೇ ಆ ಕರೆಯನ್ನು ಕೊಟ್ಟಿತ್ತು. ಆ ವರ್ಷದ ಫೆಬ್ರವರಿಯಲ್ಲಿ ವೆಟ್‌ಸುವೆಟೆನ್ ಜನರ ಪರಂಪರಾಗತ ಮುಖ್ಯಸ್ಥರು ಒಪ್ಪದ ಅನಿಲ ಕೊಳವೆಮಾರ್ಗಕ್ಕಾಗಿ ಕೇಂದ್ರ ಪೊಲೀಸರು ಅವರ ನೆಲಕ್ಕೆ ನುಗ್ಗಿದ್ದರು. ಡಾಸನ್ ಕ್ರೀಕ್‌ನಿಂದ ಕಿಟಿಮಾಟ್ ಬಂದರಿನವರೆಗೆ ಸುಮಾರು 670 ಕಿಲೋಮೀಟರ್ ಉದ್ದದ ಮಾರ್ಗವದು. ಪ್ರತಿಭಟನೆಯಾಗಿ ಮೋಹಾಕ್ ಮುಂತಾದ ಜನಾಂಗಗಳವರು ರೈಲು ಹಳಿಗಳ ಮೇಲೆ ಕುಳಿತಾಗ ಅರ್ಧ ದೇಶದ ಸಾಗಣೆ ನಿಂತಿತು. ಜುಲೈ 1ರ ನಿರಾಕರಣೆ ಮೊದಲಿಗೆ ಈ ನೆಲ ಕಾಯುವವರೊಡನೆ ನಿಲ್ಲುವ ಕ್ರಮವಾಗಿತ್ತು. ಮರುವರ್ಷ ಮಕ್ಕಳ ದುಃಖ ಅದಕ್ಕೆ ಸೇರಿಕೊಂಡಿತು. ಕರೆ ಕೊಟ್ಟವರ ದೃಷ್ಟಿಯಲ್ಲಿ ಇವು ಎರಡು ಸಂಗತಿಗಳಾಗಿರಲಿಲ್ಲ. ಕಿತ್ತುಕೊಂಡ ನೆಲ, ಕಿತ್ತುಕೊಂಡ ಮಕ್ಕಳು ಎಂಬುದು ಒಂದೇ ಉಸಿರಿನ ಮಾತಾಗಿತ್ತು.

ಧರ್ಮಸಭೆ ಇದನ್ನು ಎರಡಾಗಿ ಓದಿತು ಎಂಬುದೇ ಈ ಲೇಖನದ ಆಕ್ಷೇಪ. ಮಕ್ಕಳ ವಿಷಯಕ್ಕೆ ಉತ್ತರ ಬಂತು. ತಡವಾದರೂ ನಿಜವಾದ ಉತ್ತರವದು. 2021ರ ಸೆಪ್ಟೆಂಬರಿನಲ್ಲಿ ಕೆನಡಾದ ಧರ್ಮಾಧ್ಯಕ್ಷರು ನೇರವಾಗಿ ಕ್ಷಮೆ ಕೇಳಿದರು, ಐದು ವರ್ಷಗಳಲ್ಲಿ 3 ಕೋಟಿ ಡಾಲರ್ ಸಂಗ್ರಹಿಸುವ ಮಾತು ಕೊಟ್ಟರು. (2006ರ ಪರಿಹಾರ ಒಪ್ಪಂದದ ಪ್ರಕಾರ ಕಥೋಲಿಕ ಸಂಸ್ಥೆಗಳು ಸಾರ್ವಜನಿಕರಿಂದ ಎತ್ತಬೇಕಾಗಿದ್ದ ಎರಡೂವರೆ ಕೋಟಿಯಲ್ಲಿ 40 ಲಕ್ಷವೂ ಕೂಡಿಬಂದಿರಲಿಲ್ಲವೆಂಬುದು ಈ ಹೊಸ ಮಾತಿನ ಹಿನ್ನೆಲೆ.) 2022ರ ಜುಲೈ 25ರಂದು ಮಸ್ಕ್ವಾಚಿಸ್‌ನಲ್ಲಿ ಪೋಪ್ ಫ್ರಾನ್ಸಿಸ್ ಗಾಲಿಕುರ್ಚಿಯಲ್ಲಿ ಕುಳಿತು ಕ್ಷಮೆ ಬೇಡಿದರು. ಮೂಲಜನರನ್ನು ತುಳಿದ ವಸಾಹತುಶಾಹಿ ಮನೋಭಾವಕ್ಕೆ ಅನೇಕ ಕ್ರೈಸ್ತರು ಬೆಂಬಲವಾದುದನ್ನೂ ಒಪ್ಪಿಕೊಂಡರು. ಅವರ ದೇಹಸ್ಥಿತಿಯಲ್ಲಿ ಆ ಪ್ರಯಾಣವೇ ಒಂದು ಪ್ರಾಯಶ್ಚಿತ್ತವಾಗಿತ್ತೆಂಬುದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ನೆಲದ ವಿಷಯಕ್ಕೆ ಉತ್ತರವೇನು?

ಇದನ್ನು ಪರಿಶೀಲಿಸಲು ನಾಬೋತನ ದ್ರಾಕ್ಷಿತೋಟದ ಪ್ರಸಂಗಕ್ಕಿಂತ (1 ಅರಸು 21) ಸಮರ್ಪಕವಾದ ಪಠ್ಯ ಬೈಬಲಿನಲ್ಲಿ ದೊರೆಯದು. ಅಹಾಬನು ಕಳ್ಳನಂತೆ ಬರುವುದಿಲ್ಲ. ಇದಕ್ಕಿಂತ ಒಳ್ಳೆಯ ತೋಟವನ್ನು ಕೊಡುತ್ತೇನೆ, ಬೇಡವಾದರೆ ಬೆಲೆಯನ್ನು ಕೊಡುತ್ತೇನೆ ಎನ್ನುತ್ತಾನೆ. ಇಂದಿನ ಯಾವುದೇ ಕಂಪನಿಯ ಪರಿಹಾರ ಯೋಜನೆಗೆ ಸಮನಾದ ಪ್ರಸ್ತಾಪವದು. ನಾಬೋತನು ಬೆಲೆ ಸಾಲದೆಂದು ನಿರಾಕರಿಸುವುದಿಲ್ಲ. ಪಿತೃಗಳಿಂದ ಬಂದ ಬಾಧ್ಯತೆ, ಹೀಬ್ರೂವಿನ ‘ನಹಲಾ’, ವಿನಿಮಯಕ್ಕೆ ಸಿಗುವ ವಸ್ತುವಲ್ಲವೆಂಬುದು ಅವನ ಉತ್ತರ. ಯಾಜಕಕಾಂಡ 25:23 ಹೇಳುವುದೂ ಇದನ್ನೇ. ಸೋಜಿಗವೆಂದರೆ ಕೆನಡಾದ ಸರ್ವೋಚ್ಚ ನ್ಯಾಯಾಲಯವು 1997ರ ಡಿಸೆಂಬರ್ 11ರಂದು ‘ಡೆಲ್ಗಮೂಕ್’ ಮೊಕದ್ದಮೆಯಲ್ಲಿ ಮೂಲಜನರ ಭೂಹಕ್ಕಿಗೆ ಕೊಟ್ಟ ಲಕ್ಷಣವೂ ಬಹುಮಟ್ಟಿಗೆ ಇದೇ ಆಗಿದೆ: ಅದು ಸಮುದಾಯದ್ದು, ಅನ್ಯರಿಗೆ ಮಾರಲಾಗದ್ದು, ಆ ನೆಲದೊಡನೆ ಜನಕ್ಕಿರುವ ನಂಟನ್ನೇ ಮುರಿಯುವಂತೆ ಬಳಸಲಾಗದ್ದು. ಗಿಟ್ಕ್ಸಾನ್ ಮತ್ತು ವೆಟ್‌ಸುವೆಟೆನ್ ಮುಖ್ಯಸ್ಥರು 58,000 ಚದರ ಕಿಲೋಮೀಟರ್ ನೆಲಕ್ಕಾಗಿ ಹೂಡಿದ ದಾವೆಯದು. ಬಾಯಿಂದ ಬಾಯಿಗೆ ಬಂದ ಚರಿತ್ರೆಯೂ ಸಾಕ್ಷ್ಯವೆಂದು ಅಲ್ಲಿ ತೀರ್ಮಾನವಾಯಿತು. ಆದರೂ ನೆಲ ಯಾರದೆಂಬ ಪ್ರಶ್ನೆಯನ್ನು ನ್ಯಾಯಾಲಯ ಮರುವಿಚಾರಣೆಗೆ ಬಿಟ್ಟಿತು. ಆ ಮರುವಿಚಾರಣೆ ನಡೆಯಲೇ ಇಲ್ಲ. ಕೊಳವೆಮಾರ್ಗ ಬಂತು.

ಇನ್ನು ಈಜೆಬೆಲಳ ಉಪಾಯ. ಅವಳು ಸೈನ್ಯವನ್ನು ಕಳುಹಿಸುವುದಿಲ್ಲ. ಊರಿನ ಹಿರಿಯರಿಗೆ ಪತ್ರ ಬರೆದು ಸಾರ್ವಜನಿಕ ಉಪವಾಸದ ದಿನವೊಂದನ್ನು ಸಾರಿಸುತ್ತಾಳೆ, ಆ ಸಭೆಯಲ್ಲಿ ನಾಬೋತನನ್ನು ಮುಂದಿನ ಸಾಲಿನಲ್ಲಿ ಕೂರಿಸಲು ಹೇಳುತ್ತಾಳೆ (21:9). ನೆಲವನ್ನು ಕಸಿಯುವುದಕ್ಕೆ ಪವಿತ್ರ ದಿನವೇ ಸಾಧನ. ಸಾಮೂಹಿಕ ಆಚರಣೆ ತಾನಾಗಿ ನಿರ್ದೋಷಿಯಲ್ಲ, ಅದು ಯಾರನ್ನು ಎಲ್ಲಿ ಕೂರಿಸುತ್ತದೆಂಬುದನ್ನು ನೋಡಬೇಕು ಎಂಬ ಎಚ್ಚರವನ್ನು ಈ ವಚನ ಕೊಡುತ್ತದೆ. ಕೆನಡಾದ ಚರಿತ್ರೆಯಲ್ಲಿ ಇದಕ್ಕೊಂದು ಕ್ರೂರವಾದ ಸಾಮ್ಯವಿದೆ. ಶಾಂತಸಾಗರ ತೀರದ ಮೂಲಜನರಲ್ಲಿ ‘ಪಾಟ್‌ಲ್ಯಾಚ್’ ಎಂದು ಹೊರಗಿನವರು ಕರೆದ ಔತಣೋತ್ಸವ ಬರಿಯ ಊಟ-ಕುಣಿತವಲ್ಲ. ಗಿಟ್ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನರಲ್ಲಿ ಮುಖ್ಯಸ್ಥನ ಹೆಸರೂ ಅದರೊಡನೆ ನೆಲದ ಹೊಣೆಯೂ ಮುಂದಿನವರಿಗೆ ದಾಟುವುದು ಇಂಥ ಔತಣದಲ್ಲಿ, ನೆರೆದ ಅತಿಥಿಗಳ ಸಾಕ್ಷಿಯಲ್ಲಿ. ಹಬ್ಬವೇ ಅವರ ನೋಂದಣಿ ಕಚೇರಿ. ಮಿಷನರಿಗಳ ಒತ್ತಾಯವೂ ಸೇರಿ 1880ರ ದಶಕದ ಮಧ್ಯದಲ್ಲಿ ಸರ್ಕಾರ ಅದನ್ನು ದಂಡನೀಯ ಅಪರಾಧವನ್ನಾಗಿಸಿತು. 1951ರವರೆಗೆ ಆ ನಿಷೇಧ ಕಾಯಿದೆಯಲ್ಲಿತ್ತು. ಡೊಮಿನಿಯನ್ ಡೇ ಶಾಸನಬದ್ಧ ರಜೆಯಾದುದು 1879ರಲ್ಲಿ. ತನ್ನ ಹಬ್ಬಕ್ಕೆ ರಜೆ ಕೊಟ್ಟ ರಾಜ್ಯ ಆರೇಳು ವರ್ಷಗಳೊಳಗೆ ಅವರ ಹಬ್ಬಕ್ಕೆ ಸೆರೆಮನೆಯನ್ನು ಗೊತ್ತುಮಾಡಿತು. ಹಾಗಿರುವಾಗ ಅವರ ಮೊಮ್ಮಕ್ಕಳು ಜುಲೈ 1ನ್ನು ಆಚರಿಸುವುದಿಲ್ಲವೆಂದರೆ ಅದನ್ನು ಕೃತಘ್ನತೆಯೆಂದು ಕರೆದ ಪತ್ರಿಕಾ ಅಂಕಣಗಳು ಯಾವ ಚರಿತ್ರೆಯನ್ನು ಓದಿದ್ದವು?

ಮಕ್ಕಳು ಮತ್ತು ನೆಲ ಒಂದೇ ವಿಷಯವೆಂಬುದಕ್ಕೂ ಈ ಪ್ರಸಂಗದಲ್ಲಿ ಆಧಾರವಿದೆ. ಬೋಧಕರು ಅದನ್ನು ಸಾಮಾನ್ಯವಾಗಿ ಎತ್ತುವುದಿಲ್ಲ, ಏಕೆಂದರೆ ಅದು 21ನೆಯ ಅಧ್ಯಾಯದಲ್ಲಿ ಇಲ್ಲ. 2 ಅರಸು 9:26ರಲ್ಲಿ ಮಾತ್ರ ಬರುತ್ತದೆ. ಅಲ್ಲಿ ನಾಬೋತನ ರಕ್ತದೊಡನೆ ಅವನ ಮಕ್ಕಳ ರಕ್ತವೂ ಎಣಿಕೆಗೆ ಬರುತ್ತದೆ. ವಾರಸುದಾರರು ಉಳಿದರೆ ತೋಟ ಅರಸನಿಗೆ ದಕ್ಕುವುದಿಲ್ಲ. ಕೆನಡಾದ ‘ಇಂಡಿಯನ್ ಕಾಯಿದೆ’ಯ ತಿದ್ದುಪಡಿಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಇದೇ ತರ್ಕ ಕಾಣುತ್ತದೆ. 1920ರಲ್ಲಿ ಶಾಲಾ ಹಾಜರಾತಿ ಕಡ್ಡಾಯವಾಯಿತು. ಅದನ್ನು ಸಮರ್ಥಿಸಿದ ಇಲಾಖಾ ಮುಖ್ಯಾಧಿಕಾರಿ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್ (ಕವಿಯೆಂದೂ ಹೆಸರಾದವರು) ಕೊನೆಯ ‘ಇಂಡಿಯನ್’ ವ್ಯಕ್ತಿಯೂ ರಾಷ್ಟ್ರದೊಳಗೆ ಕರಗಿ, ಆ ಪ್ರಶ್ನೆಯೂ ಆ ಇಲಾಖೆಯೂ ಇಲ್ಲವಾಗುವವರೆಗೆ ಮುಂದುವರಿಯುವುದೇ ಗುರಿಯೆಂದು ಬಹಿರಂಗವಾಗಿ ಹೇಳಿದ್ದರು. 1927ರಲ್ಲಿ, ಸರ್ಕಾರದ ಅನುಮತಿಯಿಲ್ಲದೆ ಭೂಹಕ್ಕಿನ ದಾವೆಗಾಗಿ ಹಣ ಕೂಡಿಸುವುದೇ ಅಪರಾಧವಾಯಿತು. ಏಳು ವರ್ಷಗಳ ಅಂತರದಲ್ಲಿ ಒಂದೇ ಕಾಯಿದೆಯ ಒಂದು ಕೈ ವಾರಸುದಾರನನ್ನು ಬೇರೆಯವನನ್ನಾಗಿಸಿತು, ಇನ್ನೊಂದು ಕೈ ವಾರಸಿನ ದಾವೆಯನ್ನು ತಡೆಯಿತು. ವಸತಿಶಾಲೆಗಳಲ್ಲಿ ಬಹುಪಾಲನ್ನು ನಡೆಸಿದವರು ನಾವು, ಎಂದರೆ ಕಥೋಲಿಕರು. ಶಾಲೆಯ ಪಾಪಕ್ಕೆ ಕ್ಷಮೆ ಕೇಳಿ ನೆಲದ ಪಾಪ ರಾಜ್ಯದ್ದೆಂದು ಬಿಡುವುದು ಆ ಕಾಯಿದೆಯ ಏಕತೆಯನ್ನು ಕಾಣದ ಓದು.

ಪ್ರಸಂಗದ ಕೊನೆಗೆ ಅಹಾಬನು ಎಲೀಯನ ಮಾತು ಕೇಳಿ ಬಟ್ಟೆ ಹರಿದುಕೊಂಡು, ಗೋಣಿತಟ್ಟು ಸುತ್ತಿಕೊಂಡು, ಉಪವಾಸವಿದ್ದು, ತಗ್ಗಿದ ತಲೆಯಿಂದ ನಡೆದಾಡುತ್ತಾನೆ (21:27). ಸರ್ವೇಶ್ವರ ಅದನ್ನು ಗಮನಿಸುತ್ತಾರೆ, ಅದನ್ನು ಸುಳ್ಳೆನ್ನುವುದಿಲ್ಲ. ಆದರೆ ದ್ರಾಕ್ಷಿತೋಟ ಏನಾಯಿತು? ಪಠ್ಯ ಮೌನವಾಗಿದೆ. ಹಿಂತಿರುಗಿಸಿದನೆಂಬ ಒಂದು ಮಾತಿಲ್ಲ. ತೀರ್ಪು ಮುಂದೂಡಲ್ಪಡುತ್ತದೆ, ರದ್ದಾಗುವುದಿಲ್ಲ. ಮಗ ಯೋರಾಮನ ಶವ ಬೀಳುವುದು ಅದೇ ನಾಬೋತನ ಹೊಲದಲ್ಲಿ. ತೋಟವನ್ನು ಕೈಯಲ್ಲಿಟ್ಟುಕೊಂಡೇ ಉಟ್ಟ ಗೋಣಿತಟ್ಟಿನ ಮೌಲ್ಯವೆಷ್ಟೆಂಬುದಕ್ಕೆ ಬೈಬಲ್ ಕೊಡುವ ಉತ್ತರವಿದು.

2021ರ ಜೂನ್ ತಿಂಗಳಲ್ಲಿ ಕೆನಡಾ ಸಂಸತ್ತು ಸೆಪ್ಟೆಂಬರ್ 30ನ್ನು ಸತ್ಯ ಮತ್ತು ಸಂಧಾನದ ರಾಷ್ಟ್ರೀಯ ದಿನವೆಂದು ಶಾಸನ ಮಾಡಿತು. ಒಂದು ರಜೆಯನ್ನು ಪ್ರಶ್ನಿಸಿದವರಿಗೆ ಇನ್ನೊಂದು ರಜೆ ಸಿಕ್ಕಿತು. ಮೊದಲ ಆಚರಣೆಯ ದಿನ ಪ್ರಧಾನಮಂತ್ರಿ ಕುಟುಂಬದೊಡನೆ ಟೊಫಿನೊ ಕಡಲತೀರಕ್ಕೆ ಹೋದುದಕ್ಕೆ ಆಮೇಲೆ ಕ್ಷಮೆ ಕೇಳಿದರು. ಅದು ಸಣ್ಣ ವಿಷಯ. ದೊಡ್ಡ ವಿಷಯವೆಂದರೆ ಆ ದಿನ ಕಳೆದು ಏಳೆಂಟು ವಾರಗಳಲ್ಲಿ, ನವೆಂಬರ್ ನಡುವಿನಲ್ಲಿ, ಪೊಲೀಸರು ಮತ್ತೆ ವೆಟ್‌ಸುವೆಟೆನ್ ನೆಲಕ್ಕೆ ಹೋಗಿ ನೆಲ ಕಾಯುತ್ತಿದ್ದವರನ್ನು ಬಂಧಿಸಿದರು.

ನಾಬೋತನನ್ನು ಹೀಗೆ ಬಳಸುವುದಕ್ಕೆ ಗಂಭೀರವಾದ ಪ್ರತಿವಾದವಿದೆ, ಅದನ್ನು ಮರೆಮಾಚಬಾರದು. ಓಸೇಜ್ ಜನಾಂಗದ ವಿದ್ವಾಂಸ ರಾಬರ್ಟ್ ಆ್ಯಲನ್ ವಾರಿಯರ್ 1989ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ಮೂಲಜನರು ವಿಮೋಚನಕಾಂಡವನ್ನು ಓದುವಾಗ ತಮ್ಮನ್ನು ಇಸ್ರಯೇಲರಲ್ಲಿ ಕಾಣುವುದಿಲ್ಲ, ಕಾನಾನ್ಯರಲ್ಲಿ ಕಾಣುತ್ತಾರೆ ಎಂದರು. ಬಿಡುಗಡೆ ಮಾಡಿದ ದೇವರೇ ಅನ್ಯರ ನೆಲವನ್ನೂ ಕೊಡಿಸಿದರೆ ಆ ಕಥೆ ಯಾರಿಗೆ ಶುಭಸಂದೇಶ? ನಾಬೋತನ ಪಿತ್ರಾರ್ಜಿತವೂ ಯೆಹೋಶುವನ ಕಾಲದ ಹಂಚಿಕೆಯಿಂದ ಬಂದದ್ದೇ. ವಿಮೋಚನಾ ದೈವಶಾಸ್ತ್ರವನ್ನು ಬೋಧಿಸುವ ನಮ್ಮ ತರಗತಿಗಳಲ್ಲಿ ಈ ಲೇಖನಕ್ಕೆ ಸಿಗಬೇಕಾದಷ್ಟು ಸ್ಥಳ ಸಿಕ್ಕಿಲ್ಲ. ಗೆದ್ದವರ ಗ್ರಂಥವಾಗಿಯೂ ಇಸ್ರಯೇಲಿನ ಗ್ರಂಥ ತನ್ನ ಅರಸನ ವಿರುದ್ಧವೇ ತೀರ್ಪು ಬರೆದುಕೊಂಡಿತು, ನೆಲ ಸರ್ವೇಶ್ವರರದು, ನೀವು ಬರಿಯ ಒಕ್ಕಲುಗಳು ಎಂದು ತನ್ನ ಜನಕ್ಕೇ ಹೇಳಿಕೊಂಡಿತು ಎಂದಷ್ಟೇ ಉತ್ತರಿಸಬಹುದು. ವಾರಿಯರ್ ಅವರ ಪ್ರಶ್ನೆ ಇದರಿಂದ ತೀರುವುದಿಲ್ಲ. ಆದರೆ ಈ ಪ್ರಸಂಗವನ್ನು ನಾವು ಓದಬೇಕಾದುದು ನಾಬೋತನ ಜಾಗದಲ್ಲಿ ನಿಂತಲ್ಲ, ಅಹಾಬನ ಜಾಗದಲ್ಲಿ ನಿಂತು. ಹಾಗೆ ಓದಿದಾಗ ಈ ಆಕ್ಷೇಪ ನಮ್ಮನ್ನು ಬಿಡುಗಡೆ ಮಾಡುವುದಿಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ.

ನೆಲದ ವಿಷಯದಲ್ಲಿ ಧರ್ಮಸಭೆ ದೂರದ ಸಾಕ್ಷಿ ಮಾತ್ರವಾಗಿತ್ತೆಂಬ ಭಾವನೆಯನ್ನು ಕಾನೆಸತಾಕೆಯ ಇತಿಹಾಸ ಉಳಿಯಗೊಡುವುದಿಲ್ಲ. ಗುರುಮಠದ ಪತ್ರಿಕೆಯೊಂದರಲ್ಲಿ ಇದನ್ನು ಸ್ವಲ್ಪ ವಿಸ್ತರಿಸುವುದು ಉಚಿತ, ಏಕೆಂದರೆ ಇಲ್ಲಿ ತೋಟವನ್ನು ಇಟ್ಟುಕೊಂಡದ್ದು ಒಂದು ಗುರುಮಠ. ಮಾಂಟ್ರಿಯಲ್ ಸಮೀಪದ ಎರಡು ಬೆಟ್ಟಗಳ ಸರೋವರದ ದಡದ ನೆಲವನ್ನು 1717ರಲ್ಲಿ ಫ್ರೆಂಚ್ ಅರಸೊತ್ತಿಗೆ, ಮೂಲಜನರ ಮಿಷನ್ ನಡೆಸಲೆಂದು ಸಂತ ಸಲ್ಪೀಸ್ ಗುರುಮಠದ ಗುರುಗಳಿಗೆ ಬರೆದುಕೊಟ್ಟಿತು. ಮೋಹಾಕ್ ಜನರನ್ನು ಅಲ್ಲಿಗೆ ಕರೆತರಲಾಯಿತು. ಆ ನೆಲ ತಮ್ಮದೆಂದು ಅವರೂ, ತಮ್ಮದೆಂದು ಸಲ್ಪೀಷಿಯನ್ನರೂ ತಿಳಿದರು. 1840ರ ಸುಮಾರಿಗೆ ಬ್ರಿಟಿಷ್ ಆಡಳಿತ ಗುರುಮಠದ ಒಡೆತನವನ್ನು ದೃಢಪಡಿಸಿದ ಮೇಲೆ, ಒಲೆಗೆ ಸೌದೆ ಕಡಿದ ಮೋಹಾಕರು ಸೆರೆಮನೆ ಕಂಡರು. 1868ರಲ್ಲಿ ಮುಖ್ಯಸ್ಥನಾದ ಜೋಸೆಫ್ ಒನಸಕೆನ್ರಾತ್ ಆ ಗುರುಗಳ ಬಳಿಯೇ ಓದಿದವನು. ಅವನನ್ನು ಗುರುವಾಗಿಸುವ ಆಸೆ ಅವರಿಗಿತ್ತು. ಅವರಿಂದ ಕಲಿತ ವಿದ್ಯೆಯಿಂದಲೇ ಅವನು ಅವರ ವಿರುದ್ಧ ಮನವಿಗಳನ್ನು ಬರೆದನು. ಕೊನೆಗೆ ತನ್ನ ಜನರಲ್ಲಿ ಬಹುಮಂದಿಯೊಡನೆ ಮೆಥೊಡಿಸ್ಟ್ ಸಭೆಗೆ ಹೋಗಿ, 1880ರಲ್ಲಿ ಶುಭಸಂದೇಶಗಳ ಮೋಹಾಕ್ ಅನುವಾದವನ್ನು ಪ್ರಕಟಿಸಿದನು. ಶುಭಸಂದೇಶವನ್ನು ಇಟ್ಟುಕೊಂಡು ಧರ್ಮಸಭೆಯನ್ನು ಬಿಟ್ಟ ಈ ಮನುಷ್ಯನ ಕಥೆಯನ್ನು ನಮ್ಮ ಮಿಷನ್ ಚರಿತ್ರೆಯ ಪಾಠಗಳು ಹೇಳುವುದಿಲ್ಲ.

ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿ 1912ರಲ್ಲಿ ಗುರುಮಠ ಗೆದ್ದಿತು. ನೆಲ ಧರ್ಮಾರ್ಥ ನಿಕ್ಷೇಪವಾಗಿರಬಹುದೇ ಎಂಬ ಪ್ರಶ್ನೆಯನ್ನು ಮಾತ್ರ ನ್ಯಾಯಾಧೀಶರು ಮುಚ್ಚದೆ ಬಿಟ್ಟರು. 1936ರಲ್ಲಿ ಸಾಲದಲ್ಲಿದ್ದ ಗುರುಮಠ ಉಳಿದ ನೆಲದ ಬಹುಭಾಗವನ್ನು ಬೆಲ್ಜಿಯಂನ ಕಂಪನಿಯೊಂದಕ್ಕೆ ಮಾರಿತು. ಮಿಷನ್ನಿಗಾಗಿ ದೊರೆತ ನೆಲ ಹೀಗೆ ಕೈಕೈ ದಾಟಿ, 1990ರಲ್ಲಿ ಓಕಾ ಪಟ್ಟಣದ ಗಾಲ್ಫ್ ಮೈದಾನವನ್ನು ದೊಡ್ಡದು ಮಾಡಲು ಮೋಹಾಕರ ಪೈನ್ ತೋಪೂ ಹಿರಿಯರ ಸಮಾಧಿಗಳ ನೆರೆಯೂ ಬೇಕೆಂಬಲ್ಲಿಗೆ ಬಂದು ನಿಂತಿತು. ಆ ವರ್ಷದ ಜುಲೈ 1ರಂದು ದೇಶ ಸಂಭ್ರಮಿಸುತ್ತಿದ್ದಾಗ ತೋಪಿನ ಮಣ್ಣುದಾರಿಯಲ್ಲಿ ಮೋಹಾಕರ ತಡೆಗೋಡೆ ಇತ್ತು. ಹತ್ತು ದಿನಗಳಲ್ಲಿ ಪೊಲೀಸ್ ದಾಳಿ, ಒಬ್ಬ ಪೊಲೀಸನ ಸಾವು, ಆಮೇಲೆ ಸೈನ್ಯ. 78 ದಿನಗಳ ಮುತ್ತಿಗೆ. ಗಾಲ್ಫ್ ಮೈದಾನ ವಿಸ್ತಾರವಾಗಲಿಲ್ಲ. ನೆಲದ ದಾವೆ ಇಂದಿಗೂ ಪೂರ್ಣವಾಗಿ ತೀರಿಲ್ಲ.

ಈ ಹಿನ್ನೆಲೆಯಲ್ಲಿ 2023ರ ಮಾರ್ಚ್ 30ರಂದು ವ್ಯಾಟಿಕನ್ನಿನ ಎರಡು ಇಲಾಖೆಗಳು ಹೊರಡಿಸಿದ ಜಂಟಿ ಟಿಪ್ಪಣಿಯನ್ನು ಓದಬೇಕು. ಕ್ರೈಸ್ತ ಅರಸರು ‘ಕಂಡುಹಿಡಿದ’ ನೆಲ ಅವರದೇ ಆಗುತ್ತದೆಂಬ, ‘ಡಾಕ್ಟ್ರಿನ್ ಆಫ್ ಡಿಸ್ಕವರಿ’ ಎಂದು ಹೆಸರಾದ ಸಿದ್ಧಾಂತದ ಬಗ್ಗೆ ಅದು ಮಾತನಾಡುತ್ತದೆ. ಅದರ ಹಿಂದಿನ ವರ್ಷ, 2022ರ ಜುಲೈ 28ರಂದು, ಸಂತ ಆನ್ ಪುಣ್ಯಕ್ಷೇತ್ರದಲ್ಲಿ ಪೋಪರ ಬಲಿಪೂಜೆಯ ಮೊದಲು ಇಬ್ಬರು ಮೂಲಜನಾಂಗದ ಮಹಿಳೆಯರು ಪೀಠದ ಎದುರಿಗೆ ಬಟ್ಟೆಯ ಫಲಕವನ್ನು ಬಿಚ್ಚಿ, ಆ ಸಿದ್ಧಾಂತವನ್ನು ರದ್ದುಮಾಡಿರೆಂದು ಕೇಳಿದ್ದರು. ಟಿಪ್ಪಣಿ ಎಂಟು ತಿಂಗಳ ತರುವಾಯ ಬಂದ ಉತ್ತರ. ಅದರ ಒಳ್ಳೆಯ ಅಂಶವನ್ನು ಮೊದಲು ಹೇಳಬೇಕು: 15ನೆಯ ಶತಮಾನದ ಪೋಪರ ಶಾಸನಪತ್ರಗಳು ಮೂಲಜನರ ಸಮಾನ ಘನತೆಯನ್ನೂ ಹಕ್ಕುಗಳನ್ನೂ ಸಾಕಷ್ಟು ಪ್ರತಿಬಿಂಬಿಸಲಿಲ್ಲವೆಂದು ಅದು ಒಪ್ಪುತ್ತದೆ, ಆ ಸಿದ್ಧಾಂತವನ್ನು ಹೆಸರು ಹಿಡಿದು ತಿರಸ್ಕರಿಸುತ್ತದೆ. ರೋಮಿನಿಂದ ಇಷ್ಟು ಸ್ಪಷ್ಟವಾದ ಮಾತು ಬರಲು ಐದು ಶತಮಾನ ಬೇಕಾಯಿತು.

ಆದರೆ ಟಿಪ್ಪಣಿಯ ವಾದಸರಣಿ ದುರ್ಬಲ. ಆ ಶಾಸನಪತ್ರಗಳ ಒಕ್ಕಣೆಯನ್ನು ವಸಾಹತು ಶಕ್ತಿಗಳು ರಾಜಕೀಯಕ್ಕಾಗಿ ತಿರುಚಿದವು ಎನ್ನುತ್ತದೆ ಅದು. 1455ರ ‘ರೊಮಾನುಸ್ ಪೊಂತಿಫೆಕ್ಸ್’ ಓದಿದವರು ಈ ಮಾತಿಗೆ ಹೇಗೆ ಒಪ್ಪಲಿ? ಕ್ರೈಸ್ತರಲ್ಲದವರ ಮೇಲೆ ದಾಳಿ ಮಾಡಿ, ಅವರನ್ನು ಅಧೀನಗೊಳಿಸಿ, ನಿತ್ಯದಾಸ್ಯಕ್ಕೆ ಇಳಿಸಿ, ಅವರ ರಾಜ್ಯವನ್ನೂ ಸೊತ್ತನ್ನೂ ತಮ್ಮದಾಗಿಸಿಕೊಳ್ಳುವ ಅಧಿಕಾರವನ್ನು ಅದು ಪೋರ್ಚುಗಲ್ ಅರಸನಿಗೆ ಪದಶಃ ಕೊಡುತ್ತದೆ. ತಿರುಚಲು ಅಲ್ಲಿ ಏನೂ ಉಳಿದಿಲ್ಲ. ಎರಡನೆಯದಾಗಿ, ಮೂಲಜನರು ನೆಲವನ್ನೂ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳಬಾರದೆಂದ 1537ರ ‘ಸುಬ್ಲಿಮಿಸ್ ದೇವುಸ್’ ಪತ್ರವನ್ನು ಟಿಪ್ಪಣಿ ಹೆಮ್ಮೆಯಿಂದ ಮುಂದಿಡುತ್ತದೆ. ಅದು ಶ್ರೇಷ್ಠ ಪತ್ರವೇ. ಆದರೆ ಅದನ್ನು ಜಾರಿಗೊಳಿಸಲು ಅದೇ ವರ್ಷ ಹೊರಟಿದ್ದ, ಉಲ್ಲಂಘಿಸಿದವರಿಗೆ ಬಹಿಷ್ಕಾರ ವಿಧಿಸುತ್ತಿದ್ದ ಆಜ್ಞೆಯನ್ನು ಚಕ್ರವರ್ತಿ ಐದನೆಯ ಚಾರ್ಲ್ಸನ ಒತ್ತಡಕ್ಕೆ ಮಣಿದು ಮೂರನೆಯ ಪೌಲ್ ಮರುವರ್ಷವೇ ಹಿಂತೆಗೆದುಕೊಂಡರು. ಬೋಧನೆ ಉಳಿಯಿತು, ದಂಡ ಹೋಯಿತು. ಟಿಪ್ಪಣಿಯ ದೌರ್ಬಲ್ಯವೂ ಇದೇ ಬಗೆಯದು: ತಿರಸ್ಕಾರವಿದೆ, ಪ್ರತ್ಯರ್ಪಣೆಯ ಕ್ರಮವಿಲ್ಲ. ಒಂದು ಎಕರೆಯ ಪ್ರಸ್ತಾಪವೂ ಅಲ್ಲಿ ಬರುವುದಿಲ್ಲ.

ಇದು ಕೆನಡಾದವರ ವಿಷಯ, ನಮಗೇನು ಎನ್ನಲು ಕರ್ನಾಟಕದ ಕಥೋಲಿಕರಿಗೆ ಬರುವಂತಿಲ್ಲ. ಪೋರ್ಚುಗೀಸ್ ‘ಪಾದ್ರುವಾದೊ’ ಅಧಿಕಾರದ ಬೇರುಗಳು ಇವೇ ಶಾಸನಪತ್ರಗಳಲ್ಲಿವೆ. ‘ರೊಮಾನುಸ್ ಪೊಂತಿಫೆಕ್ಸ್’ ಇಂಡಿಯದ ಹೆಸರನ್ನೇ ಎತ್ತುತ್ತದೆ. 1886ರ ಒಪ್ಪಂದದ ಪ್ರಕಾರ ಮಂಗಳೂರು ಸೇರಿದಂತೆ ನಾಲ್ಕು ಧರ್ಮಪ್ರಾಂತ್ಯಗಳ ಅಧ್ಯಕ್ಷರ ನೇಮಕದಲ್ಲಿ ಪೋರ್ಚುಗಲ್ಲಿಗಿದ್ದ ಹಕ್ಕು ಮುಗಿದದ್ದು 1950ರಲ್ಲಿ, ಭಾರತ ಗಣರಾಜ್ಯವಾದ ಮೇಲೆ. ಒಂದೇ ಮರದ ಒಂದು ಕೊಂಬೆಯ ಹಣ್ಣನ್ನು ನಾವು ತಿಂದೆವು, ಇನ್ನೊಂದು ಕೊಂಬೆಯ ನೇಣು ಅವರ ಪಾಲಿಗೆ ಬಂತು.

ಪಾಪನಿವೇದನೆಯ ಸಂಸ್ಕಾರಕ್ಕೆ ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ ಮೂರೂ ಬೇಕೆಂದು ಗುರುಮಠದ ವಿದ್ಯಾರ್ಥಿಗೂ ತಿಳಿದಿದೆ. ಸಂತ ಅಗಸ್ಟೀನರು ಮಕೆದೋನಿಯಸನಿಗೆ ಬರೆದ ಪತ್ರದಲ್ಲಿ, ಕಸಿದದ್ದನ್ನು ಕೊಡಲು ಸಾಧ್ಯವಿದ್ದೂ ಕೊಡದವನ ಪಶ್ಚಾತ್ತಾಪ ನಟನೆ ಎಂದು ತೀರ್ಮಾನಿಸುತ್ತಾರೆ. ಸಂತ ಥಾಮಸ್ ಅಕ್ವೈನಾಸರು ಪ್ರತ್ಯರ್ಪಣೆ ರಕ್ಷಣೆಗೆ ಅವಶ್ಯವೆಂದು ಹೇಳಿ, ಪೂರ್ಣವಾಗಿ ಕೊಡಲಾಗದಿದ್ದಲ್ಲಿ ಆಗುವಷ್ಟನ್ನು ವಿವೇಕಿಯೊಬ್ಬನ ತೀರ್ಮಾನದಂತೆ ಕೊಡಬೇಕೆನ್ನುತ್ತಾರೆ. ಇಡೀ ಕೆನಡಾವನ್ನು ಹಿಂತಿರುಗಿಸುವುದು ಆಗದ ಮಾತಲ್ಲವೇ ಎಂಬ ಸುಲಭದ ಆಕ್ಷೇಪಕ್ಕೆ 13ನೆಯ ಶತಮಾನದಲ್ಲೇ ಉತ್ತರವಿತ್ತು. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಕೊಳವೆಮಾರ್ಗದುದ್ದಕ್ಕೂ ಇರುವ ಚುನಾಯಿತ ಮಂಡಲಿಗಳು ಕಂಪನಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿದ್ದವು; ಮೂಲಜನರಲ್ಲೇ ಏಕಾಭಿಪ್ರಾಯವಿಲ್ಲದಿರುವಾಗ ಧರ್ಮಸಭೆ ಯಾರ ಪಕ್ಷ ವಹಿಸಬೇಕು? ನೆಲ ಕಾಯುವವರೆಲ್ಲರ ಪ್ರತಿಯೊಂದು ಕ್ರಮವನ್ನೂ ಅನುಮೋದಿಸುವ ಹೊಣೆ ನಮ್ಮದಲ್ಲ. 2021ರ ಬೇಸಿಗೆಯಲ್ಲಿ ಹತ್ತಾರು ಚರ್ಚುಗಳು ಬೆಂಕಿಗೆ, ಹಾನಿಗೆ ಗುರಿಯಾದವು. ಮೂಲಜನರ ಮುಖಂಡರೇ ಅದನ್ನು ಖಂಡಿಸಿದರು, ಸುಟ್ಟುಹೋದ ಕೆಲವು ಚರ್ಚುಗಳು ಅವರ ಅಜ್ಜಂದಿರೇ ಕಟ್ಟಿದವು. ಆದರೆ ಆ ಮಂಡಲಿಗಳನ್ನು ಸೃಷ್ಟಿಸಿದ್ದೂ ‘ಇಂಡಿಯನ್ ಕಾಯಿದೆ’ಯೇ ಎಂಬುದನ್ನು ಮರೆತು ಅವರ ಒಳಜಗಳವನ್ನು ತೋರಿಸಿ ಕೈತೊಳೆದುಕೊಳ್ಳುವುದು ಪಿಲಾತನ ಕ್ರಮ. ಧರ್ಮಸಭೆಯ ಕೈಯಲ್ಲೇ ಇರುವ ನೆಲದ ಬಗ್ಗೆ ತೀರ್ಮಾನಿಸಲು ಯಾರ ಏಕಾಭಿಪ್ರಾಯಕ್ಕೂ ಕಾಯಬೇಕಾಗಿಲ್ಲ.

ಇದಕ್ಕೆ ನಮ್ಮಲ್ಲಿಯೇ ಒಂದು ಪಠ್ಯವಿದೆ. ಚಿಯಾಪಾಸ್‌ನ ಧರ್ಮಾಧ್ಯಕ್ಷರಾಗಿದ್ದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಪಾಪನಿವೇದನೆ ಕೇಳುವ ಗುರುಗಳಿಗಾಗಿ ನಿಯಮಗಳ ಕೈಪಿಡಿಯೊಂದನ್ನು ಬರೆದರು. ಅದು 1552ರಲ್ಲಿ ಸೆವಿಲ್ಲಾದಲ್ಲಿ ಅಚ್ಚಾಯಿತು. ಲಾಸ್ ಕಾಸಾಸ್ ಕಳಂಕವಿಲ್ಲದವರೇನಲ್ಲ. ಮೂಲಜನರನ್ನು ಉಳಿಸಲು ಆಫ್ರಿಕದ ಗುಲಾಮರನ್ನು ತರಿಸಬಹುದೆಂದು ಒಂದು ಕಾಲದಲ್ಲಿ ಸೂಚಿಸಿದ್ದವರು, ಆಮೇಲೆ ಅದಕ್ಕಾಗಿ ಮರುಗಿದವರು. ಆದರೆ ತಮ್ಮ ಪಾಲಿಗೆ ಬಂದಿದ್ದ ಮೂಲಜನರ ದುಡಿಮೆಯನ್ನು 1514ರಲ್ಲಿ ಬಿಟ್ಟುಕೊಟ್ಟ ಮೇಲೆಯೇ ಅವರು ಇತರರಿಗೆ ಬೋಧಿಸಿದರು. ಆ ಕೈಪಿಡಿಯ ಮೊದಲ ನಿಯಮ ಸರಳ. ದಂಡಯಾತ್ರೆಯಲ್ಲಿ ಸೊತ್ತು ಗಳಿಸಿದವನು ಸಾಯುವ ಹಾಸಿಗೆಯಲ್ಲಿ ಪಾಪನಿವೇದನೆಗೆ ಗುರುವನ್ನು ಕರೆಸಿದರೆ, ಗುರು ಮೊದಲು ನೋಟರಿಯನ್ನು ಕರೆಸಬೇಕು. ಸೊತ್ತನ್ನು ಕಳೆದುಕೊಂಡವರಿಗೆ ಹಿಂತಿರುಗಿಸುವ ಅಧಿಕಾರವನ್ನು ಗುರುವಿಗೆ ಕೊಟ್ಟು ಆ ಮನುಷ್ಯ ಪತ್ರ ಬರೆದುಕೊಡಬೇಕು. ನಿವೇದನೆ ಕೇಳುವುದು ಆಮೇಲೆ, ಪಾಪವಿಮೋಚನೆ ಅದರ ಆಮೇಲೆ. ಈ ನಿಯಮಗಳ ಹಸ್ತಪ್ರತಿಗಳನ್ನು ಹಿಂಪಡೆಯಲು ರಾಜಾಜ್ಞೆ ಹೊರಟಿತೆಂಬುದೇ ಅವುಗಳ ಪರಿಣಾಮಕ್ಕೆ ಸಾಕ್ಷಿ.

ಯಾಜಕಕಾಂಡದ 25ನೆಯ ಅಧ್ಯಾಯವೂ ಇದೇ ಕ್ರಮವನ್ನು ಹಬ್ಬದ ಭಾಷೆಯಲ್ಲಿ ಹೇಳುತ್ತದೆ. ಜೂಬಿಲಿಯ ಕೊಂಬನ್ನು ಊದಬೇಕಾದುದು ಹೊಸ ವರ್ಷದ ದಿನದಲ್ಲಲ್ಲ, ಏಳನೆಯ ತಿಂಗಳ ಹತ್ತನೆಯ ದಿನ, ಎಂದರೆ ದೋಷಪರಿಹಾರಕ ದಿನದಂದು (25:9). ಕೊಂಬಿನ ದನಿ ಕೇಳಿದೊಡನೆ ಪ್ರತಿಯೊಬ್ಬನೂ ತನ್ನ ಪಿತ್ರಾರ್ಜಿತ ನೆಲಕ್ಕೆ ಹಿಂತಿರುಗಬೇಕು. ಪಾಪಪರಿಹಾರವೂ ಭೂಮಿಯ ಹಿಂತಿರುಗುವಿಕೆಯೂ ಒಂದೇ ದಿನದ ಒಂದೇ ಹಬ್ಬ. ಜುಲೈ 1ನ್ನು ನಿರಾಕರಿಸಿದವರು ಕೇಳಿದ ದಿನ ಬಹುಶಃ ಇಂಥದ್ದು. ಸೆಪ್ಟೆಂಬರ್ 30 ಅದರ ಅರ್ಧ ಮಾತ್ರ.

ಅಮೆರಿಕದ ದಕ್ಷಿಣ ಡಕೋಟದಲ್ಲಿ ಯೇಸುಸಭೆಯವರು ಸಂತ ಫ್ರಾನ್ಸಿಸ್ ಮಿಷನ್ನಿನ 500 ಎಕರೆಗೂ ಹೆಚ್ಚು ನೆಲವನ್ನು ರೋಸ್‌ಬಡ್ ಸೂ ಜನರಿಗೆ ಹಿಂತಿರುಗಿಸುವ ನಿರ್ಧಾರವನ್ನು 2017ರಲ್ಲಿ ಪ್ರಕಟಿಸಿದರು. ಚರ್ಚುಗಳಿಗಾಗಿ 19ನೆಯ ಶತಮಾನದಲ್ಲಿ ಸರ್ಕಾರ ಕೊಟ್ಟ ತುಂಡು ನೆಲಗಳವು. ರೋಮಿನ ಟಿಪ್ಪಣಿಗೆ ಅವರು ಕಾದಿರಲಿಲ್ಲ. ಮೊದಲು ದಾಖಲೆಗಳನ್ನು ತೆಗೆದು ಯಾವ ತುಂಡು ಯಾರಿಂದ ಬಂತೆಂದು ನೋಡಿದರು, ಆಮೇಲೆ ಪತ್ರ ಬರೆದುಕೊಟ್ಟರು. ಕೆನಡಾದ ಧರ್ಮಪ್ರಾಂತ್ಯಗಳ ಕಚೇರಿಗಳಲ್ಲಿಯೂ ಧಾರ್ಮಿಕ ಸಭೆಗಳ ಪತ್ರಾಗಾರಗಳಲ್ಲಿಯೂ ಇಂಥ ದಾಖಲೆಗಳಿವೆ. ಜುಲೈ 1ರ ನಿರಾಕರಣೆಗೆ ಅಲ್ಲಿನ ಧರ್ಮಸಭೆ ಕೊಡಬೇಕಾದ ಉತ್ತರದ ಮೊದಲ ಪುಟ ಆ ಪತ್ರಗಳ ಪಟ್ಟಿ: ಸರ್ವೆ ಸಂಖ್ಯೆ, ವಿಸ್ತೀರ್ಣ, ಕೊಟ್ಟವರ ಹೆಸರು, ಕೊಡುವ ಮೊದಲು ಆ ನೆಲದಲ್ಲಿ ಇದ್ದವರ ಹೆಸರು.